ಒಂದೇ ಲೋಕ, ಇಪ್ಪತ್ತು ಚಾನೆಲ್

ಟ್ಯಾಂಗೋ ಟೆಕ್ ಅನ್ನುವ ಹೆಸರಿನ ಯೂಟ್ಯೂಬರ್ ಒಬ್ಬರು, ಚೌಕ ಚೌಕ ಬ್ಲಾಕುಗಳಿಂದ ಲೋಕ ಕಟ್ಟುವ ಮೈನ್‌ಕ್ರಾಫ್ಟ್ ಎಂಬ ವಿಡಿಯೊ ಗೇಮ್ ಒಳಗೆ ಒಂದು ಪಾತಾಳ ಕಟ್ಟಿದರು. ಕಟ್ಟಿ ಮುಗಿಸಲು ಒಂದು ವರ್ಷಕ್ಕೂ ಜಾಸ್ತಿ ಹಿಡಿಯಿತು. ಡೆಕ್ಡ್ ಔಟ್ 2 ಅಂತ ಅದರ ಹೆಸರು. ಆಡುವವರು ತಮ್ಮ ಕಾರ್ಡುಗಳ ಕಟ್ಟನ್ನು ಯಂತ್ರಕ್ಕೆ ಒಪ್ಪಿಸಿ ಕೆಳಗೆ ಇಳಿಯಬೇಕು. ಒಳಗೆ ಕತ್ತಲು. ಎಲ್ಲೋ ಮೂಲೆಯಲ್ಲಿ ರಾವೇಜರ್ ಎಂಬ ಕಾಡುಕೋಣದಂಥ ಪ್ರಾಣಿ ಗುಟುರು ಹಾಕುತ್ತಿರುತ್ತದೆ. ಹೊತ್ತು ಹೋದಷ್ಟೂ ಅಪಾಯ ಏರುತ್ತದೆ, ಕೈಯಲ್ಲಿರುವ ಕಾರ್ಡು ಒಂದೊಂದಾಗಿ ಬಿದ್ದು ಕೆಲವೊಮ್ಮೆ ಕಾಪಾಡುತ್ತದೆ. ಅಲ್ಲಿ ಬಚ್ಚಿಟ್ಟ ವಸ್ತು ಹುಡುಕಿಕೊಂಡು ಜೀವಸಹಿತ ಮೇಲೆ ಬಂದರೆ ಗೆದ್ದಂತೆ. ಕಾರ್ಡು ಕಲೆಸುವುದು, ಬಾಗಿಲು ತೆರೆಯುವುದು, ಲೆಕ್ಕ ಇಡುವುದು, ಇವುಗಳ ಹಿಂದೆಲ್ಲ ರೆಡ್‌ಸ್ಟೋನ್ ಕೆಲಸ. ರೆಡ್‌ಸ್ಟೋನ್ ಅಂದರೆ ಮೈನ್‌ಕ್ರಾಫ್ಟ್ ಲೋಕದ ವೈರಿಂಗ್ ಅಂದುಕೊಳ್ಳಿ.

2023ರ ಕೊನೆಯ ತಿಂಗಳುಗಳಲ್ಲಿ ಅದು ಶುರುವಾಯಿತು. ಆಮೇಲೆ ನಡೆದದ್ದೇ ನನಗೆ ಇಷ್ಟವಾದ ಭಾಗ. ಟ್ಯಾಂಗೋ ಕಟ್ಟಿದ ಪಾತಾಳ ಅವರೊಬ್ಬರ ಚಾನೆಲ್‌ನಲ್ಲಿ ಉಳಿಯಲಿಲ್ಲ. ಅದೇ ಲೋಕದಲ್ಲಿ ಜತೆಗೆ ಆಡುವ ಇತರ ಹಲವು ಯೂಟ್ಯೂಬರ್‌ಗಳು ಒಬ್ಬೊಬ್ಬರಾಗಿ ಇಳಿದರು, ಸತ್ತರು, ಮತ್ತೆ ಇಳಿದರು. ಪ್ರತಿಯೊಬ್ಬರೂ ಅದನ್ನು ತಮ್ಮ ತಮ್ಮ ಚಾನೆಲ್‌ನಲ್ಲಿ ಹಾಕಿದರು. ಒಬ್ಬರು ಓಡುತ್ತಾರೆ, ಇನ್ನೊಬ್ಬರು ಗೋಡೆಗೆ ಅಂಟಿಕೊಂಡು ತೆವಳುತ್ತಾರೆ. ಒಬ್ಬರು ಕಾರ್ಡುಗಳ ಲೆಕ್ಕಾಚಾರದಲ್ಲೇ ಅರ್ಧ ಗಂಟೆ ಕಳೆಯುತ್ತಾರೆ. ಜಾಗ ಅದೇ, ವಿಡಿಯೊ ಮಾತ್ರ ಒಂದರ ಹಾಗೆ ಇನ್ನೊಂದಿಲ್ಲ. ಒಬ್ಬರ ವರ್ಷದ ಕೆಲಸ ಹೀಗೆ ಎಲ್ಲರಿಗೂ ತಿಂಗಳುಗಟ್ಟಲೆ ಸರಕಾಯಿತು.

ಈ ಗುಂಪಿನ ಹೆಸರು ಹರ್ಮಿಟ್‌ಕ್ರಾಫ್ಟ್. 2012ರ ಏಪ್ರಿಲ್‌ನಲ್ಲಿ ಜೆನೆರಿಕ್‌ಬಿ ಎಂಬ ಯೂಟ್ಯೂಬರ್ ಶುರು ಮಾಡಿದ ಮೈನ್‌ಕ್ರಾಫ್ಟ್ ಸರ್ವರ್ ಇದು, ಅಂದರೆ ಹಲವರು ಇಂಟರ್ನೆಟ್ ಮೂಲಕ ಸೇರಿ ಆಡುವ ಒಂದೇ ಲೋಕ. ಒಳಗಿನವರು ಕರೆದರೆ ಮಾತ್ರ ಪ್ರವೇಶ. ಈಗ ಇಪ್ಪತ್ತಕ್ಕೂ ಹೆಚ್ಚು ಜನ ಇದ್ದಾರೆ. ಅಮೆರಿಕ, ಇಂಗ್ಲೆಂಡ್, ಜರ್ಮನಿ, ಕೆನಡಾ, ಹೀಗೆ ಎಲ್ಲೆಲ್ಲಿಂದಲೋ ಬಂದವರು. ಒಂದೆರಡು ವರ್ಷಕ್ಕೊಮ್ಮೆ ಹಳೆಯ ಲೋಕ ಬಿಟ್ಟು ಹೊಸದರಲ್ಲಿ ಬರಿಗೈಯಲ್ಲಿ ಶುರು ಮಾಡುತ್ತಾರೆ. ಅದಕ್ಕೆ ಸೀಸನ್ ಅನ್ನುತ್ತಾರೆ. ಹತ್ತನೇ ಸೀಸನ್ 2024ರ ಫೆಬ್ರವರಿಯಲ್ಲಿ ಆರಂಭವಾಯಿತು.

ಶುರು ಮಾಡಿದವರು ಯಾವತ್ತೋ ಬಿಟ್ಟು ಹೋದರು. ಸರ್ವರ್ ನೋಡಿಕೊಳ್ಳುವ ಕೆಲಸ ಕ್ಸಿಸುಮಾ ಎಂಬ ಬ್ರಿಟಿಷ್ ಯೂಟ್ಯೂಬರ್ ಹೆಗಲಿಗೆ ಬಂತು. ಗುಂಪು ಒಡೆಯಲಿಲ್ಲ. ಹುಟ್ಟಿಸಿದವರು ಹೋದ ಮೇಲೂ ಹತ್ತು ವರ್ಷ ದಾಟಿ ನಡೆಯುವ ಗುಂಪು ಇಂಟರ್ನೆಟ್ಟಿನಲ್ಲಿ ಎಷ್ಟು ಸಿಗುತ್ತದೆ ಹೇಳಿ? ವಾಟ್ಸಾಪ್ ಗ್ರೂಪುಗಳೇ ಅಡ್ಮಿನ್ ಮುನಿಸಿಕೊಂಡರೆ ಸತ್ತುಹೋಗುತ್ತವೆ.

ಇದು ಹೇಗೆ ನಿಂತಿತು ಅಂತ ಬಹಳ ಸಲ ಯೋಚಿಸಿದ್ದೇನೆ. ನನಗೆ ಸಿಕ್ಕ ಉತ್ತರ ತೀರ ಸರಳ. ಅಲ್ಲಿ ಲೋಕ ಎಲ್ಲರದು, ಚಾನೆಲ್ ಅವರವರದು. ಯಾರೂ ಯಾರಿಗೂ ಸಂಬಳ ಕೊಡುವುದಿಲ್ಲ. ರೆಕಾರ್ಡ್ ಮಾಡುವುದು, ಎಡಿಟ್ ಮಾಡುವುದು, ತಮ್ನೇಲ್ (ವಿಡಿಯೊದ ಮುಖಚಿತ್ರ) ಹಾಕುವುದು, ಜಾಹೀರಾತಿನ ದುಡ್ಡು ಎಣಿಸುವುದು, ಎಲ್ಲ ಅವರವರ ಪಾಡು. ಕೊಲಾಬ್ ಅನ್ನುವ ಪದ ಕೇಳಿದರೆ ನಮಗೆ ಇಬ್ಬರು ಅಕ್ಕಪಕ್ಕ ಕೂತು ಒಂದೇ ವಿಡಿಯೊ ಮಾಡುವುದು ನೆನಪಾಗುತ್ತದೆ. ಇಲ್ಲಿ ಹೆಚ್ಚಿನ ಕೊಲಾಬ್ ನಡೆಯುವುದು ಇನ್ನೊಬ್ಬರು ಮನೆಯಲ್ಲಿ ಇಲ್ಲದಾಗ!

ಆರನೇ ಸೀಸನ್‌ನಲ್ಲಿ ಗ್ರಿಯನ್ ಎಂಬಾತ ಕೋಳಿ ವೇಷದ ಪೌಲ್ಟ್ರಿ ಮ್ಯಾನ್ ಆಗಿ ಕಂಡವರ ಜಾಗಕ್ಕೆಲ್ಲ ಮೊಟ್ಟೆ ಎಸೆದು, ಕೋಳಿ ಬಿಟ್ಟು ಬರುತ್ತಿದ್ದ. ಅದು ಅವನ ವಿಡಿಯೊದಲ್ಲಿ ಬರುತ್ತದೆ. ಕೋಳಿ ತುಂಬಿದ ಮನೆಯ ಯಜಮಾನ ಲಾಗಿನ್ ಆಗಿ ಬಾಯಿ ಬಿಟ್ಟು ನಿಲ್ಲುವುದು ಇನ್ನೊಂದು ಚಾನೆಲ್‌ನಲ್ಲಿ, ಇನ್ನೊಂದು ದಿನ ಬರುತ್ತದೆ. ನಡುವೆ ಪ್ರೇಕ್ಷಕ ಕಾಯುತ್ತಾನೆ.

ನನ್ನ ಅಕ್ಕನ ಮಗ ಇದರಲ್ಲಿ ಪಳಗಿದವನು. ಹೈಸ್ಕೂಲ್ ಹುಡುಗ. ಒಮ್ಮೆ ಅವನ ಪಕ್ಕ ಕೂತು ನೋಡುತ್ತಾ, ಕೋಳಿ ಬಿಟ್ಟ ವಿಡಿಯೊ ಮುಗಿದಾಗ, "ಆಮೇಲೆ ಏನಾಯ್ತೋ?" ಅಂದೆ. "ಅದು ಈ ಕಡೆಯಿಂದ ನೋಡಿದ್ದು ಮಾಮ. ಆ ಕಡೆಯದ್ದು ಬೇರೆ ಚಾನೆಲ್‌ನಲ್ಲಿದೆ, ಹುಡುಕ್ಬೇಕು, ತಡಿ" ಅಂದ. ಈ ಕಡೆ, ಆ ಕಡೆ ಅಂತ ಅವನು ಎಷ್ಟು ಸಲೀಸಾಗಿ ಹೇಳಿದ ಅಂದರೆ, ಅವನ ಮಟ್ಟಿಗೆ ಒಂದು ಘಟನೆಗೆ ಎರಡು ಮೂರು ಕಡೆ ಇರುವುದು ತೀರ ಮಾಮೂಲು. ನಮ್ಮ ಕಾಲದಲ್ಲಿ ಧಾರಾವಾಹಿಗೆ ಒಂದೇ ಕ್ಯಾಮೆರಾ ಕಣ್ಣು. ಈ ಹುಡುಗರು ಜಗಳದ ಎರಡೂ ಕಡೆ ನೋಡಿ, ಯಾರು ಏನು ಕತ್ತರಿಸಿ ಹಾಕಿದ್ದಾರೆ ಅಂತಲೂ ಹಿಡಿಯುತ್ತಾರೆ.

ಇನ್ನು ಕೆಲಸದ ಮೇಲೆ ಆಗುವ ಪರಿಣಾಮ. ಗ್ರಿಯನ್ ಕಟ್ಟಡ ಕಟ್ಟುವುದರಲ್ಲಿ ಹೆಸರು ಮಾಡಿದವರು. ಮಂಬೊ ಜಂಬೊ ರೆಡ್‌ಸ್ಟೋನ್ ಪಂಡಿತರು, ಕಟ್ಟಡದ ವಿಷಯದಲ್ಲಿ ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುತ್ತಿದ್ದವರು. ಇವರಿಬ್ಬರ ಜತೆ ಇನ್ನೊಬ್ಬರು ಸೇರಿ ಆರನೇ ಸೀಸನ್‌ನಲ್ಲಿ ಸಹಾರಾ ಎಂಬ ದೊಡ್ಡ ಅಂಗಡಿ ತೆರೆದರು. ಹೆಸರಿನಲ್ಲೇ ಆನ್‌ಲೈನ್ ಮಾರಾಟದ ದೈತ್ಯ ಕಂಪನಿಯೊಂದರ ಅಣಕ ಇದೆ. ಗ್ರಾಹಕ ಸಾಮಾನು ಕೇಳಿದರೆ ಯಂತ್ರವೇ ತಂದು ಕೊಡಬೇಕು. ಯಂತ್ರ ಇಡಲು ಜಾಗ ಬೇಕು ಅಂತ ಒಬ್ಬರು, ಹೊರಗಿನಿಂದ ಅಂದ ಕೆಡಬಾರದು ಅಂತ ಇನ್ನೊಬ್ಬರು. ಒಬ್ಬರೇ ಆಗಿದ್ದರೆ ತಮಗೆ ಬರುವುದನ್ನೇ ಇನ್ನೊಂದು ಸಲ ಮಾಡುತ್ತಿದ್ದರು. ಈ ಎಳೆದಾಟದಿಂದ ಇಬ್ಬರಿಗೂ ಬಾರದ್ದು ಬಂತು. ಮಂಬೊ ಆಮೇಲಿನ ಸೀಸನ್‌ಗಳಲ್ಲಿ ಕಟ್ಟಿದ್ದನ್ನು ಹಳೆಯದರ ಪಕ್ಕ ಇಟ್ಟು ನೋಡಿ, ಅದೇ ಕೈ ಅನ್ನಿಸುವುದಿಲ್ಲ.

ಏಳನೇ ಸೀಸನ್‌ನಲ್ಲಿ ಚುನಾವಣೆಯೇ ನಡೆಯಿತು. ಗುಡ್‌ಟೈಮ್ಸ್‌ವಿತ್‌ಸ್ಕಾರ್ ಮೇಯರ್ ಆದರು. ಅಂಗಡಿ ಬೀದಿ ಇದ್ದದ್ದು ಅಣಬೆ ದ್ವೀಪದಲ್ಲಿ, ನೆಲವೆಲ್ಲ ಬೂದುನೇರಳೆ ಮೈಸೀಲಿಯಂ. ಹೊಸ ಮೇಯರ್ ಅದನ್ನು ತೆಗೆಸಿ ಹುಲ್ಲು ಹಾಸಿಸಿದರು. ಗ್ರಿಯನ್ ಮತ್ತು ಕೆಲವರು ಭೂಗತರಾಗಿ ಮೈಸೀಲಿಯಂ ಪ್ರತಿರೋಧ ದಳ ಕಟ್ಟಿ ರಾತ್ರೋರಾತ್ರಿ ಮತ್ತೆ ಮೈಸೀಲಿಯಂ ಹಬ್ಬಿಸಿದರು. ಹುಲ್ಲಿನ ಪರ ಇನ್ನೊಂದು ದಳ ಹುಟ್ಟಿತು. ನೆಲಕ್ಕೆ ಯಾವ ಬಣ್ಣ ಅನ್ನುವ ಜಗಳ, ಅಷ್ಟೇ. ಆದರೆ ಲಾಕ್‌ಡೌನಿನ ಆ 2020ರಲ್ಲಿ ದೊಡ್ಡ ದೊಡ್ಡವರೂ ಕೂತು ಇದನ್ನು ನೋಡಿದ್ದಾರೆ. ನಾನೂ ಹುಲ್ಲಿನ ವಿರೋಧಿಯೇ, ಕಾರಣ ಕೇಳಬೇಡಿ.

ಇಲ್ಲಿ ನನಗೆ ನೆನಪಾಗುವುದು ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಮಾತಾಡುತ್ತಾರೆ. ವಾಲಿ ಸಾಯುತ್ತಾನೆ ಅಂತ ಕೂತವರಿಗೆಲ್ಲ ಗೊತ್ತು. ಆದರೆ ಸಾಯುವ ಮೊದಲು ರಾಮನಿಗೆ ಏನು ಕೇಳುತ್ತಾನೆ, ರಾಮ ಬೆವರುತ್ತಾನೋ ಜಾರಿಕೊಳ್ಳುತ್ತಾನೋ ಅನ್ನುವುದು ಆ ರಾತ್ರಿಯ ಮಾತು. ಯಾರೂ ಬರೆದುಕೊಟ್ಟಿಲ್ಲ. ಎದುರಿನ ಅರ್ಥಧಾರಿ ಗಟ್ಟಿ ಇದ್ದರೆ ಮಾತ್ರ ನಿಮ್ಮ ಮಾತಿಗೆ ಕಳೆ. ಅವರು ಸಪ್ಪೆಯಾದರೆ ನೀವು ಎಷ್ಟೇ ಜಾಣರಾದರೂ ಭಾಷಣ ಮಾಡಿದ ಹಾಗಿರುತ್ತದೆ. ಹಾಗಂತ ಎದುರಿನವರನ್ನು ಮಾತಲ್ಲಿ ಮುಗಿಸಿಯೇಬಿಟ್ಟರೆ ಪ್ರಸಂಗವೂ ಅಲ್ಲಿಗೇ ಮುಗಿಯಿತು. ಕುಟುಕಬೇಕು, ಉತ್ತರಕ್ಕೆ ಜಾಗವನ್ನೂ ಬಿಡಬೇಕು.

2020ರಲ್ಲಿ ಶುರುವಾದ ಡ್ರೀಮ್ ಎಸ್‌ಎಂಪಿ ಬಹುಮಟ್ಟಿಗೆ ಇದೇ ಕ್ರಮದಲ್ಲಿ ನಡೆಯಿತು. ಡ್ರೀಮ್ ಎಂಬ ಯೂಟ್ಯೂಬರ್ ಮತ್ತು ಅವರ ಗೆಳೆಯರು ಸುಮ್ನೆ ಆಡಲು ಮಾಡಿಕೊಂಡ ಮೈನ್‌ಕ್ರಾಫ್ಟ್ ಸರ್ವರ್. ಅಲ್ಲಿ ಒಬ್ಬರು ಲ್ಮಾನ್‌ಬರ್ಗ್ ಎಂಬ ದೇಶ ಘೋಷಿಸಿದರು. ಸ್ವಾತಂತ್ರ್ಯ ಯುದ್ಧ, ಚುನಾವಣೆ, ಸೋತವರ ಗಡಿಪಾರು, ಕೊನೆಗೆ ನವೆಂಬರ್‌ನಲ್ಲಿ ಆ ದೇಶವನ್ನು ಕಟ್ಟಿದವನೇ ಸ್ಫೋಟಿಸಿದ್ದು. ಮುಖ್ಯ ತಿರುವುಗಳು ಮೊದಲೇ ಮಾತಾಡಿಕೊಂಡವು, ಸಂಭಾಷಣೆ ಮಾತ್ರ ಆ ಕ್ಷಣದ್ದು. ಹೆಚ್ಚಿನದೆಲ್ಲ ಟ್ವಿಚ್ ಎಂಬ ತಾಣದಲ್ಲಿ ನೇರ ಪ್ರಸಾರ, ಒಬ್ಬೊಬ್ಬರ ಚಾನೆಲ್‌ನಿಂದ ಒಂದೊಂದು ಕಡೆ. 2021ರ ಜನವರಿ 20ರಂದು ಟಾಮಿಇನ್ನಿಟ್ ಎಂಬ ಹದಿನಾರರ ಬ್ರಿಟಿಷ್ ಹುಡುಗನ ಸ್ಟ್ರೀಮ್ ಅನ್ನು ಒಂದೇ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಜನ ನೋಡುತ್ತಿದ್ದರು. ಆ ಹುಡುಗನೇನೂ ಒಬ್ಬನೇ ಅಲ್ಲಿಗೆ ಬಂದು ನಿಂತವನಲ್ಲ. ಎದುರಿಗೆ ನಿಂತು ಖಳನಾಗಲು ಒಪ್ಪಿದವರು ಇದ್ದರು, ಅದಕ್ಕೇ ಅವನು ನಾಯಕ.

ಆದರೆ ಹರ್ಮಿಟ್‌ಕ್ರಾಫ್ಟ್ ಉಳಿದ ಹಾಗೆ ಇದು ಉಳಿಯಲಿಲ್ಲ. ಕೆಲವೇ ವರ್ಷಗಳಲ್ಲಿ ಮುಗಿಯಿತು. ಬೆಳೆದ ವೇಗವೇ ಒಂದು ಕಾರಣ ಅಂತ ನನ್ನ ಲೆಕ್ಕ. ಕಥೆಯ ದ್ವೇಷವನ್ನು ಅಭಿಮಾನಿಗಳು ನಿಜ ಮಾಡಿಕೊಂಡರು. ಇವನು ಅವನಿಗೆ ಮೋಸ ಮಾಡಿದ ಅಂತ ಪಾತ್ರದ ಮೇಲಿನ ಸಿಟ್ಟನ್ನು ಮನುಷ್ಯನ ಮೇಲೆ ತೀರಿಸಿಕೊಂಡರು. ಮುಂದೆ ಗುಂಪಿನ ಕೆಲವರ ಮೇಲೆ ನಿಜವಾದ ಆರೋಪಗಳು ಬಂದಾಗ, ಜತೆ ಆಡಿದ ತಪ್ಪಿಗೆ ಪ್ರತಿಯೊಬ್ಬರೂ ಹೇಳಿಕೆ ಕೊಡಬೇಕಾಯಿತು. ಜತೆಯಾಟದಲ್ಲಿ ಗಳಿಸಿದ ಹೆಸರಿಗೆ ಈ ಬಡ್ಡಿ ಇದ್ದೇ ಇದೆ. ಹತ್ತು ಜನರ ಖ್ಯಾತಿ ನಿಮಗೆ ಸ್ವಲ್ಪ ಸಿಕ್ಕಿದ್ದರೆ ಹತ್ತು ಜನರ ಕೊಳೆಯೂ ಸ್ವಲ್ಪ ಮೆತ್ತುತ್ತದೆ. ಹಳೆಯ ವಿಡಿಯೊಗಳನ್ನು ಏನು ಮಾಡುವುದು? ಅಳಿಸಿದರೆ ಉಳಿದವರ ದುಡಿಮೆಯೂ ಹೋಗುತ್ತದೆ. ಇದಕ್ಕೆ ಯಾರ ಹತ್ತಿರವೂ ಒಳ್ಳೆಯ ಉತ್ತರ ಇದ್ದಂತೆ ಕಾಣುವುದಿಲ್ಲ.

ಕಂಪನಿಯಾಗಿ ಕಟ್ಟಿದ ಜತೆಯ ಕಥೆ ಬೇರೆ. ಅಮೆರಿಕದ ಆಸ್ಟಿನ್‌ನಲ್ಲಿ 2003ರಲ್ಲಿ ರೂಸ್ಟರ್ ಟೀತ್ ಹುಟ್ಟಿತು. 2008ರಲ್ಲಿ ಶುರುವಾದ ಅದರ ಅಚೀವ್‌ಮೆಂಟ್ ಹಂಟರ್ ತಂಡ ಮುಂದೆ ಒಂದೇ ಕೋಣೆಯಲ್ಲಿ ಐದಾರು ಜನ ಕೂತು, ಕಿರುಚಾಡುತ್ತಾ, ಬೈದಾಡುತ್ತಾ ಆಡುವ ವಿಡಿಯೊಗಳಿಗೆ ಒಂದು ಧಾಟಿ ಹಾಕಿಕೊಟ್ಟಿತು. ಇವತ್ತು ಗೆಳೆಯರು ಸೇರಿ ಆಡುವ ಯಾವ ವಿಡಿಯೊ ನೋಡಿದರೂ ಅದರ ಛಾಯೆ ಇದೆ. ಆದರೆ ಚಾನೆಲ್ ಕಂಪನಿಯದು. ಕಂಪನಿ ಕೈಯಿಂದ ಕೈಗೆ ಮಾರಾಟವಾಗುತ್ತಾ ಹೋಯಿತು. 2024ರ ಮಾರ್ಚ್‌ನಲ್ಲಿ ಆಗಿನ ಮಾಲೀಕರು ಬಾಗಿಲು ಹಾಕುವುದಾಗಿ ಹೇಳಿದರು. ಹದಿನೈದಿಪ್ಪತ್ತು ವರ್ಷ ನಕ್ಕು ನಗಿಸಿದವರು ಹೊಸ ಹೆಸರು ಇಟ್ಟುಕೊಂಡು ಮತ್ತೆ ಮೊದಲಿನಿಂದ ಜನ ಸೇರಿಸಬೇಕಾಯಿತು.

ಎಲ್ಲ ಕಂಪನಿಯೂ ಹಾಗೇ ಅನ್ನಲಾರೆ. ಇಂಗ್ಲೆಂಡಿನ ಬ್ರಿಸ್ಟಲ್‌ನ ಯಾಗ್ಸ್‌ಕಾಸ್ಟ್ ಕೂಡ ಸಂಸ್ಥೆಯೇ, 2008ರಲ್ಲಿ ಇಬ್ಬರು ಗೆಳೆಯರು ಶುರು ಮಾಡಿದ್ದು. ಅವರು 2011ರಿಂದ ಪ್ರತಿ ಡಿಸೆಂಬರ್‌ನಲ್ಲಿ ಜಿಂಗಲ್ ಜಾಮ್ ಅಂತ ಸ್ಟ್ರೀಮ್ ಮಾಡಿ ದಾನ ಸಂಗ್ರಹಿಸುತ್ತಾರೆ. ಇಲ್ಲಿವರೆಗೆ ಎರಡು ಕೋಟಿ ಪೌಂಡ್‌ಗೂ ಹೆಚ್ಚು ಸೇರಿದೆ. ಒಬ್ಬ ಸ್ಟ್ರೀಮರ್ ಎಷ್ಟೇ ದೊಡ್ಡವನಾದರೂ ಅಷ್ಟು ದಿನ ಜನರನ್ನು ಹಿಡಿದಿಡಲಾರ. ಒಬ್ಬರು ಮಲಗಿದಾಗ ಇನ್ನೊಬ್ಬರು ಕ್ಯಾಮೆರಾ ಮುಂದೆ ಕೂರಬೇಕು.

ಪ್ರಭಾವದ ಮಾತು ಬಂದರೆ ಅಮಾಂಗ್ ಅಸ್ ಬಿಡುವಂತಿಲ್ಲ. ಇನ್ನರ್‌ಸ್ಲಾತ್ ಎಂಬ ಪುಟ್ಟ ತಂಡ 2018ರ ಜೂನ್‌ನಲ್ಲಿ ಬಿಡುಗಡೆ ಮಾಡಿದ ಆಟ. ಎರಡು ವರ್ಷ ಹೆಚ್ಚಿನವರು ತಿರುಗಿ ನೋಡಲಿಲ್ಲ. ಬ್ರೆಜಿಲ್ ಮತ್ತು ದಕ್ಷಿಣ ಕೊರಿಯಾದ ಸ್ಟ್ರೀಮರ್‌ಗಳು ಹಿಡಿದರು, 2020ರ ಜುಲೈ ಹೊತ್ತಿಗೆ ಅಮೆರಿಕದವರು ಹಿಡಿದರು. ಆಟದ ರಚನೆಯೇ ಕೊಲಾಬ್‌ಗೆ ಹೇಳಿ ಮಾಡಿಸಿದ್ದು. ಆಗ ಒಂದು ಆಟಕ್ಕೆ ಹೆಚ್ಚೆಂದರೆ ಹತ್ತು ಜನ. ಅದರಲ್ಲಿ ಒಬ್ಬರಿಂದ ಮೂವರವರೆಗೆ ಕೊಲೆಗಾರರು. ನೀವು ನೋಡುತ್ತಿರುವ ಚಾನೆಲ್‌ನವಳೇ ಕೊಲೆಗಾರ್ತಿ ಅಂತ ನಿಮಗೆ ಗೊತ್ತು, ಉಳಿದ ಚಾನೆಲ್‌ನವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಅವಳು ಸಲೀಸಾಗಿ ಸುಳ್ಳು ಹೇಳುವಾಗ ನಿಮಗೆ ಎದೆ ಡವಡವ. ಆಟ ಮುಗಿದ ಮೇಲೆ ಮೋಸ ಹೋದವನ ಚಾನೆಲ್‌ಗೆ ಹೋಗಿ ಅವನ ಮುಖ ನೋಡುವ ಆಸೆ. ಹೀಗೆ ಒಬ್ಬರ ಪ್ರೇಕ್ಷಕರು ಹತ್ತು ಮಂದಿಗೂ ಹಂಚಿಹೋದರು. ಆ ಜನಸಾಗರ ನೋಡಿ ಇನ್ನರ್‌ಸ್ಲಾತ್ ಆಗಸ್ಟ್‌ನಲ್ಲಿ ಎರಡನೇ ಭಾಗ ಮಾಡುವುದಾಗಿ ಪ್ರಕಟಿಸಿತು. ಸೆಪ್ಟೆಂಬರ್‌ನಲ್ಲಿ ಅದನ್ನು ಕೈಬಿಟ್ಟು ಇದ್ದ ಆಟವನ್ನೇ ಸರಿಮಾಡಲು ಕೂತಿತು.

ಅದೇ ಅಕ್ಟೋಬರ್ 20ರಂದು ಅಮೆರಿಕದ ಸಂಸದೆ ಅಲೆಕ್ಸಾಂಡ್ರಿಯಾ ಒಕಾಸಿಯೊ ಕಾರ್ಟೆಜ್ ಮತ ಹಾಕಿ ಅಂತ ಹೇಳಲು ಆಯ್ದುಕೊಂಡ ವೇದಿಕೆ ಕೂಡ ಅಮಾಂಗ್ ಅಸ್. ಪೋಕಿಮೇನ್, ಹಸನ್ ಪೈಕರ್ ಮುಂತಾದ ಸ್ಟ್ರೀಮರ್‌ಗಳ ಜತೆ ಆಡಿದರು. ಅವರ ಚಾನೆಲ್ ಒಂದನ್ನೇ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಒಮ್ಮೆಲೇ ನೋಡಿದರು. ಅವರೊಬ್ಬರೇ ಕೂತು ಮತದಾನದ ಮಹತ್ವ ಹೇಳಿದ್ದರೆ ಅದೂ ಇನ್ನೊಂದು ಭಾಷಣ ಆಗುತ್ತಿತ್ತು, ಅಲ್ವಾ?

ನಮ್ಮ ದೇಶದ ಒಳ್ಳೆಯ ಉದಾಹರಣೆ ಚದುರಂಗದ್ದು. 2020ರ ಲಾಕ್‌ಡೌನಿನಲ್ಲಿ ಹಾಸ್ಯಗಾರ ಸಮಯ್ ರೈನಾ ಯೂಟ್ಯೂಬಿನಲ್ಲಿ ಚೆಸ್ ಆಡಲು ಕೂತರು. ಜತೆಗೆ ಗ್ರ್ಯಾಂಡ್‌ಮಾಸ್ಟರ್ ವಿದಿತ್ ಗುಜರಾತಿ ಬಂದರು. ಮುಂದೆ ಸ್ವತಃ ವಿಶ್ವನಾಥನ್ ಆನಂದ್ ಬಂದರು. ಒಬ್ಬರಿಗೆ ಆಟ ಗೊತ್ತು, ಇನ್ನೊಬ್ಬರಿಗೆ ಜನರನ್ನು ಕೂರಿಸಿಕೊಳ್ಳುವುದು ಗೊತ್ತು. ಸಮಯ್ ದಡ್ಡ ಪ್ರಶ್ನೆ ಕೇಳುತ್ತಾರೆ. ಆ ಪ್ರಶ್ನೆ ನಮ್ಮದೂ ಆಗಿರುತ್ತದೆ. ವಿದಿತ್ ಉತ್ತರಿಸುವಾಗ ಪುಸ್ತಕದ ಭಾಷೆ ಬಿಟ್ಟು ಗೆಳೆಯನ ಜತೆ ಮಾತಾಡಿದ ಹಾಗೆ ಮಾತಾಡಬೇಕಾಗುತ್ತದೆ. ಕುದುರೆ ಹೇಗೆ ನಡೆಯುತ್ತದೆ ಅಂತಲೂ ಮರೆತಿದ್ದ ನನ್ನಂಥವರು ರಾತ್ರಿ ಹನ್ನೊಂದಕ್ಕೆ ಸಿಸಿಲಿಯನ್ ಡಿಫೆನ್ಸ್ ಬಗ್ಗೆ ಕೇಳುತ್ತಾ ಕೂತದ್ದು ಈ ಜೋಡಿಯಿಂದ. ಗ್ರ್ಯಾಂಡ್‌ಮಾಸ್ಟರ್ ಒಬ್ಬರೇ ಪಾಠ ಮಾಡಿದ್ದರೆ ಐದು ನಿಮಿಷಕ್ಕೆ ಎದ್ದು ಹೋಗುತ್ತಿದ್ದೆ.

2021ರ ಜೂನ್ 13ರಂದು ಕೋವಿಡ್ ಪರಿಹಾರಕ್ಕಾಗಿ ಆನಂದ್ ಅವರು ಹಲವು ಪ್ರಸಿದ್ಧರ ಜತೆ ಏಕಕಾಲಕ್ಕೆ ಆಡಿದರು. ಹಣ ಹೋಗುವುದು ನಮ್ಮ ಅಕ್ಷಯ ಪಾತ್ರ ಪ್ರತಿಷ್ಠಾನಕ್ಕೆ. ಕಿಚ್ಚ ಸುದೀಪ್ ಕೂಡ ಆಡಿದ್ದರು. ಅದರಲ್ಲಿ ಬೆಂಗಳೂರಿನ ಉದ್ಯಮಿಯೊಬ್ಬರು ಆನಂದ್ ಅವರನ್ನೇ ಸೋಲಿಸಿ, ಮರುದಿನ ಕಂಪ್ಯೂಟರ್ ಸಹಾಯ ಪಡೆದಿದ್ದೆ ಅಂತ ಒಪ್ಪಿಕೊಂಡು ಕ್ಷಮೆ ಕೇಳಿದರು. ಒಳ್ಳೆಯ ಉದ್ದೇಶದ ಕಾರ್ಯಕ್ರಮದಲ್ಲಿ ಜನ ನೆನಪಿಟ್ಟದ್ದು ಅದೊಂದನ್ನೇ.

ಪಬ್‌ಜಿ ಮಾತು ಎತ್ತದೆ ಭಾರತದ ಗೇಮಿಂಗ್ ಬಗ್ಗೆ ಬರೆಯಲಾಗದು. ನಾಲ್ವರ ಸ್ಕ್ವಾಡ್ ಅಂದರೇ ಇಲ್ಲಿ ಕೊಲಾಬ್. 2020ರ ಸೆಪ್ಟೆಂಬರ್ 2ರಂದು ಸರ್ಕಾರ ಅದನ್ನು ನಿಷೇಧಿಸಿದಾಗ ಒಂದೇ ಆಟ ನಂಬಿದ್ದ ಚಾನೆಲ್‌ಗಳ ಕೆಳಗಿನ ನೆಲವೇ ಜಾರಿತು. ಹಲವರು ಪಾತ್ರ ಕಟ್ಟಿಕೊಂಡು ಆಡುವ ಜಿಟಿಎ ರೋಲ್‌ಪ್ಲೇ ಸರ್ವರ್‌ಗಳಿಗೆ, ಅಮಾಂಗ್ ಅಸ್‌ಗೆ ಗುಳೆ ಹೋದರು. ಆಗ ಕೈಹಿಡಿದದ್ದು ಜತೆಗಾರರು. ಗುರಿ ಇಟ್ಟು ಹೊಡೆಯುವ ಚಾತುರ್ಯ ಒಂದನ್ನೇ ನಂಬಿದವನಿಗೆ ಹೊಸ ಆಟದಲ್ಲಿ ಕೆಲಸ ಇಲ್ಲ. ನಾಲ್ಕು ಜನರ ಹರಟೆ ಕೇಳಲು ಬರುತ್ತಿದ್ದ ಪ್ರೇಕ್ಷಕರಿಗೆ ಆಟ ಯಾವುದಾದರೂ ನಡೆಯುತ್ತದೆ.

ಹಾಗಂತ ಕೊಲಾಬ್ ಅಂದಿದ್ದೆಲ್ಲ ಚಿನ್ನ ಅಲ್ಲ. ಇಬ್ಬರ ಮುಖ, ನಡುವೆ ಬೆಂಕಿ, ಒಂದು ಕೆಂಪು ಬಾಣ, ಈ ತಮ್ನೇಲ್ ನೀವೂ ನೋಡಿರುತ್ತೀರಿ. ಒಳಗೆ ಇಬ್ಬರಿಗೂ ಮಾತಾಡಲು ಏನೂ ಇರುವುದಿಲ್ಲ. ಬ್ರೋ, ಬ್ರೋ ಅಂತ ಹತ್ತು ನಿಮಿಷ. ಚಿಕ್ಕ ಚಾನೆಲ್‌ಗೆ ಒಂದೇ ರಾತ್ರಿಯಲ್ಲಿ ಸಬ್‌ಸ್ಕ್ರೈಬರ್ ಏರುತ್ತಾರೆ. ಆದರೆ ಅವರು ಬಂದದ್ದು ದೊಡ್ಡವರ ಹಿಂದೆ. ಮುಂದಿನ ವಿಡಿಯೊದಲ್ಲಿ ದೊಡ್ಡವರಿಲ್ಲ ಅಂದ ಕೂಡಲೇ ನೋಟ ಕುಸಿಯುತ್ತದೆ. ಆಮೇಲೆ ಆ ಹುಡುಗ ಮತ್ತೆ ಕರೆಯುವುದನ್ನೇ ಕಾಯುತ್ತಾ, ದೊಡ್ಡವರ ಜೋಕಿಗೆಲ್ಲ ಜೋರಾಗಿ ನಗುತ್ತಾ ಇರುತ್ತಾನೆ. ಅದು ನನಗೆ ನೋಡಲು ಹಿಂಸೆ.

ಕನ್ನಡದಲ್ಲೂ ಗೇಮಿಂಗ್ ಚಾನೆಲ್‌ಗಳಿವೆ. ನಾನು ನೋಡಿದ ಮಟ್ಟಿಗೆ ಹೆಚ್ಚಿನವು ಒಬ್ಬೊಬ್ಬರ ಲೈವ್. ಬಿಜಿಎಂಐ (ನಿಷೇಧದ ಆಮೇಲೆ ಬಂದ ಪಬ್‌ಜಿಯ ಭಾರತದ ರೂಪ), ಜಿಟಿಎ, ಮೈನ್‌ಕ್ರಾಫ್ಟ್. ಮಾತು ಚೆನ್ನಾಗಿರುತ್ತದೆ. ಹುಬ್ಬಳ್ಳಿಯವನ ಬೈಗುಳಕ್ಕೂ ಮಂಗಳೂರಿನವನ ಬೈಗುಳಕ್ಕೂ ಇರುವ ಅಂತರವೇ ಅರ್ಧ ಮನರಂಜನೆ. ಹಿಂದಿಯಲ್ಲಿ ಮಾಡಿದರೆ ವ್ಯೂಸ್ ಜಾಸ್ತಿ ಅಂತ ಹಲವರು ಆ ಕಡೆ ವಾಲುತ್ತಾರೆ, ಅವರನ್ನು ದೂರಲಾರೆ, ಹೊಟ್ಟೆಪಾಡು. ಆದರೆ ಹತ್ತು ಕನ್ನಡದ ಚಾನೆಲ್‌ಗಳು ಒಂದು ಸರ್ವರ್ ಇಟ್ಟುಕೊಂಡು, ಒಂದು ಊರು ಕಟ್ಟಿ, ಪಂಚಾಯ್ತಿ ಚುನಾವಣೆ ಮಾಡಿ, ಒಬ್ಬರ ತೋಟಕ್ಕೆ ಇನ್ನೊಬ್ಬರು ಕೋಳಿ ನುಗ್ಗಿಸಿದರೆ ಹೇಗಿರಬಹುದು! ಧಾರವಾಡದ ಕಡೆಯಿಂದ ಒಂದು, ಮಂಡ್ಯದ ಕಡೆಯಿಂದ ಒಂದು, ಕುಂದಾಪುರದ ಕಡೆಯಿಂದ ಇನ್ನೊಂದು ಎಪಿಸೋಡ್.

ಅಂಥದ್ದಕ್ಕೆ ಕೈಹಾಕುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದೆರಡು ವಿಷಯ ಮೊದಲೇ ಮಾತಾಡಿಕೊಳ್ಳಿ. ಎಲ್ಲರಿಗೂ ಸೇರಿ ಒಂದೇ ಚಾನೆಲ್ ಬೇಡ, ಅವರವರ ರೆಕಾರ್ಡಿಂಗ್ ಅವರವರ ಹತ್ತಿರ ಇರಲಿ. ಒಟ್ಟಿಗೆ ಲೈವ್ ಮಾಡಿದ ದಿನ ಪ್ರೇಕ್ಷಕರು ಕಳಿಸಿದ ಸೂಪರ್‌ಚಾಟ್ ದುಡ್ಡು ಯಾರಿಗೆ ಅಂತ ತೀರ್ಮಾನ ಆಗಿರಲಿ. ಸರ್ವರ್ ಬಾಡಿಗೆ ಹಂಚಿಕೊಳ್ಳಿ, ಪಾಸ್‌ವರ್ಡ್ ಇಬ್ಬರ ಬಳಿಯಾದರೂ ಇರಲಿ. ಮತ್ತೆ, ಚೆನ್ನಾಗಿ ಜಗಳ ಆಡಲು ಬರುವವರನ್ನೇ ಸೇರಿಸಿಕೊಳ್ಳಿ.